ಮೂರನೆಯ ನೋಟ

ಆ ಊರಿನಲ್ಲಿ ಇದ್ದದ್ದು ಒಂದೇ ಸಿನಿಮಾ. ಎರಡನೆಯದು ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ, ಏಕೆಂದರೆ ಮೊದಲನೆಯದೇ ಇನ್ನೂ ಮುಗಿದಿರಲಿಲ್ಲ. ಮುಗಿದಿರಲಿಲ್ಲ ಎಂದರೆ, ರೀಲು ಸುತ್ತಿ ಮುಗಿಯುತ್ತಿತ್ತು, ಜನ ಎದ್ದು ಮೈಮುರಿಯುತ್ತಿದ್ದರು, ಎಲ್ಲ ಸರಿ. ಅದರ ಅರ್ಥ ಮಾತ್ರ ಮುಗಿಯುತ್ತಿರಲಿಲ್ಲ.

ಪ್ರತಿ ಅಮಾವಾಸ್ಯೆಯ ದಿನ, ಊಟಕ್ಕೆ ಮುಂಚೆ, ಹಳೆಯ ಹತ್ತಿ ಗೋದಾಮಿನ ಕಿಟಕಿಗಳಿಗೆ ಗೋಣಿತಾಟು ಕಟ್ಟಿ ಕತ್ತಲು ಮಾಡುತ್ತಿದ್ದರು. ಈ ಗೋಡೆಯಿಂದ ಆ ಗೋಡೆಗೆ ಒಂದು ಬಿಳಿಯ ಬಟ್ಟೆಯನ್ನು ಬಿಗಿಯುತ್ತಿದ್ದರು. ಅಷ್ಟು ದೊಡ್ಡ ಬಟ್ಟೆ ಊರಿನಲ್ಲಿ ಇನ್ನೊಂದಿರಲಿಲ್ಲ. ಅದನ್ನು ನೇಯ್ದ ಮಗ್ಗ ಮುರಿದು ಎಷ್ಟೋ ಕಾಲವಾಗಿತ್ತು, ನೇಯ್ದವರೂ ಇರಲಿಲ್ಲ.

ಸಿನಿಮಾದ ಕತೆ ಇಷ್ಟು. ನಕ್ಷತ್ರಗಳ ನಡುವೆ ಒಂದು ಹಡಗು ಹೋಗುತ್ತಿರುತ್ತದೆ. ಅದರಲ್ಲಿ ಹತ್ತು ಸಾವಿರ ಜನ ಮಲಗಿರುತ್ತಾರೆ, ಹಡಗಿನ ಒಡತಿ ಒಬ್ಬಳೇ ಎಚ್ಚರವಾಗಿರುತ್ತಾಳೆ. ಮಲಗಿದವರಿಗೂ ಚುಕ್ಕಾಣಿಗೂ ನಡುವೆ ಒಂದು ಬಾಗಿಲು, ಬಾಗಿಲಿನ ಕೀಲಿಕೈ ಆಕೆಯ ಕೈಯಲ್ಲಿ. ನಿದ್ದೆ ಮುಗಿದ ಜನ ಒಬ್ಬೊಬ್ಬರೇ ಎದ್ದು ಬಂದು ಬಾಗಿಲು ಬಡಿಯತೊಡಗುತ್ತಾರೆ. ಒಡತಿ ತಿರುಗಿ ನೋಡುತ್ತಾಳೆ, ಮತ್ತೆ ನೋಡುತ್ತಾಳೆ, ಆಮೇಲೆ ಬೆರಳು ಸಡಿಲಿಸುತ್ತಾಳೆ. ಭಾರವಿಲ್ಲದ ಆ ಜಾಗದಲ್ಲಿ ಕೀಲಿಕೈ ತೇಲಿಕೊಂಡು ಕತ್ತಲೆಗೆ ಹೋಗುತ್ತದೆ. ಬಟ್ಟೆ ಬೆಳ್ಳಗಾಗುತ್ತದೆ. ಬಾಗಿಲು ಅಷ್ಟು ಹೊತ್ತಿಗೆ ಬೀಗ ಹಾಕಿತ್ತೋ, ಬೀಗ ತೆಗೆದಿತ್ತೋ ಎಂಬುದನ್ನು ಸಿನಿಮಾ ಮಾಡಿದ ಪುಣ್ಯಾತ್ಮ ತೋರಿಸಿರಲೇ ಇಲ್ಲ.

ಇಷ್ಟು ಸಾಕಲ್ಲವೇ ಒಂದು ಊರು ಎರಡಾಗಲಿಕ್ಕೆ? ಕೀಲಿಕೈ ಬಿಟ್ಟಿದ್ದು ಇನ್ನು ಮುಂದೆ ಯಾರೂ ಬೀಗ ಹಾಕದಿರಲಿ ಎಂದು, ಹಡಗು ಅದರಲ್ಲಿರುವವರೆಲ್ಲರದು ಎಂದು ಕೆಲವರು ಹೇಳಿದರು. ಅವರು ಬಾಗಿಲವರು. ಬಿಟ್ಟಿದ್ದು ಇನ್ನು ಮುಂದೆ ಯಾರೂ ಬೀಗ ತೆಗೆಯದಿರಲಿ ಎಂದು, ದಾರಿ ಬಲ್ಲವರೇ ಹಡಗು ನಡೆಸಬೇಕು ಎಂದು ಉಳಿದವರು ಹೇಳಿದರು. ಅವರು ಬೀಗದವರು. ಸಿನಿಮಾದೊಳಗೆ ರಾಜಕೀಯ ಯಾಕ್ರಪ್ಪಾ ತರ್ತೀರಿ, ಹಡಗು ಹಾರುವುದನ್ನು ಸುಮ್ಮನೆ ನೋಡಬಾರದೇ ಎನ್ನುವ ಮೂರನೆಯವರೂ ಇದ್ದರು. ಅವರನ್ನು ಸುಮ್ಮನೆಯವರು ಎನ್ನುತ್ತಿದ್ದರು. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದವರು ಅವರೇ.

ಊರಿನ ಕಟ್ಟಳೆ ಒಂದೇ ಒಂದು. ಸಿನಿಮಾ ಮುಗಿದ ಮೇಲೆ ತನ್ನ ಮಾತಿಗೆ ಸಾಕ್ಷಿ ಎಲ್ಲಿದೆ ಎಂದು ಬಟ್ಟೆಯ ಮೇಲೆ ಮುಟ್ಟಿ ತೋರಿಸಬೇಕು. ತೋರಿಸಿದ್ದನ್ನು ಹೊತ್ತು ಮುಳುಗುವುದರೊಳಗೆ ತೊಳೆದು ಹಿಂಡಬೇಕು. ಬಟ್ಟೆಯ ಬುಡದಲ್ಲಿ ಎರಡು ತಟ್ಟೆ ಇರುತ್ತಿದ್ದವು. ಬಾಗಿಲವರು ಅರಿಶಿನದಲ್ಲಿ ಬೆರಳದ್ದಿ, ಇಗೋ ಇಲ್ಲಿ ಆಕೆ ನಕ್ಕಳು, ಎಂದು ಒತ್ತುತ್ತಿದ್ದರು. ಬೀಗದವರು ಇದ್ದಿಲಿನಲ್ಲಿ ಬೆರಳದ್ದಿ, ಇಗೋ ಇಲ್ಲಿ ಆಕೆಯ ಕೈ ನಡುಗಿತು, ಎಂದು ಒತ್ತುತ್ತಿದ್ದರು. ಖಾಲಿ ಬಟ್ಟೆಯ ಮೇಲೆ ಒಂದು ಗಂಟೆ ಜಗಳ ನಡೆದು, ಕೊನೆಗೆ ಅದು ಹಳದಿ ಕಪ್ಪು ಚುಕ್ಕಿಗಳಿಂದ ತುಂಬಿಹೋಗುತ್ತಿತ್ತು. ಸುಮ್ಮನೆಯವರು ಯಾವ ತಟ್ಟೆಯನ್ನೂ ಮುಟ್ಟದೆ, ಬೈದುಕೊಳ್ಳುತ್ತ, ಬಟ್ಟೆಯನ್ನು ಹೊತ್ತು ಕೆರೆಗೆ ಒಯ್ಯುತ್ತಿದ್ದರು.

ಕೆರೆಯಲ್ಲಿ ಬಟ್ಟೆ ಹಿಂಡಲು ಎರಡೂ ಕಡೆಯಿಂದ ಒಬ್ಬೊಬ್ಬರು. ಬಾಗಿಲವರ ಕಡೆಯಿಂದ ಮೂವತ್ತು ವರ್ಷಗಳಿಂದ ಒಬ್ಬಳೇ ಹೆಂಗಸು ಬರುತ್ತಿದ್ದಳು. ಊರವರು ಆಕೆಯನ್ನು ಹಿಂಡುವವಳು ಎಂದೇ ಕರೆಯುತ್ತಿದ್ದರು. ಗಂಡ ತೀರಿಹೋಗಿದ್ದ, ಮನೆಯಲ್ಲಿ ಮಾತಾಡಲು ಗೋಡೆಗಳಿದ್ದವು. ಬೀಗದವರ ಕಡೆಯಿಂದ ಬರುತ್ತಿದ್ದವನು ಆಕೆಗಿಂತ ಹತ್ತು ವರ್ಷ ಹಿರಿಯನಾದ ಒಬ್ಬ ಮುದುಕ; ಬಂದಾಗ ಮುದುಕನಾಗಿರಲಿಲ್ಲ, ಹಿಂಡುತ್ತ ಹಿಂಡುತ್ತ ಆದ. ಆಕೆ ಅವನನ್ನು ಅಣ್ಣಾ ಎನ್ನುತ್ತಿದ್ದಳು, ಆತ ಆಕೆಯನ್ನು ತಂಗಿ ಎನ್ನುತ್ತಿದ್ದ. ಅದರಾಚೆಗೆ ಅವರ ನಡುವೆ ಒಂದು ಮಾತಿಗೂ ಹೊಂದಿಕೆ ಇರಲಿಲ್ಲ.

ಬಟ್ಟೆಯನ್ನು ಚೌಳು ಮಣ್ಣಿನಲ್ಲಿ ತಿಕ್ಕಿ, ಜಾಲಾಡಿಸಿ, ಈ ತುದಿ ಆಕೆ, ಆ ತುದಿ ಆತ ಹಿಡಿದು ಎದುರುಬದುರು ನಿಲ್ಲುತ್ತಿದ್ದರು. ಆಕೆ ತನ್ನ ಬಲಕ್ಕೆ ತಿರುಚುತ್ತಿದ್ದಳು, ಆತ ತನ್ನ ಬಲಕ್ಕೆ ತಿರುಚುತ್ತಿದ್ದ. ಎದುರು ನಿಂತವರ ಬಲಗಳು ಒಂದೇ ಕಡೆಗೆ ಇರುವುದಿಲ್ಲವಾದ್ದರಿಂದ ಬಟ್ಟೆ ನಡುವೆ ಹುರಿಗಟ್ಟಿ, ನೀರು ದಬದಬನೆ ಕೆಳಗೆ ಬೀಳುತ್ತಿತ್ತು. ತಿರುಚುವಷ್ಟೂ ಹೊತ್ತು ವಾದ. ಹತ್ತು ಸಾವಿರ ಜನ ಚುಕ್ಕಾಣಿ ಹಿಡಿದರೆ ಹಡಗು ಎತ್ತ ಹೋಗಬೇಕು ಎಂದು ಆತ ಕೇಳುತ್ತಿದ್ದ. ಹತ್ತು ಸಾವಿರ ಜನರನ್ನು ಕೇಳದೆ ಅದು ಎತ್ತ ಹೋದರೆ ಏನು ಬಂತು ಎಂದು ಆಕೆ ಕೇಳುತ್ತಿದ್ದಳು.

ಅವರ ವಾದವೆಲ್ಲ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಒಂದೇ ಜಾಗದಲ್ಲಿ. ಒಡತಿ ಎಷ್ಟು ಸಲ ತಿರುಗಿ ನೋಡುತ್ತಾಳೆ? ಎರಡು ಎನ್ನುತ್ತಿದ್ದಳು ಹಿಂಡುವವಳು: ಒಂದು ಸಲ ಮಲಗಿದವರ ಕಡೆಗೆ, ಒಂದು ಸಲ ಬಾಗಿಲಿನ ಕಡೆಗೆ, ಅಲ್ಲಿಗೆ ಮುಗಿಯಿತು. ಮುದುಕ ಮೂರು ಎನ್ನುತ್ತಿದ್ದ. ಕೀಲಿಕೈ ತೇಲಿಹೋದ ಮೇಲೆ, ಬಟ್ಟೆ ಬೆಳ್ಳಗಾಗುವ ಮುಂಚೆ, ಕಣ್ಣು ಮಿಟುಕಿಸುವಷ್ಟರಲ್ಲಿ ಆಕೆ ಇನ್ನೊಮ್ಮೆ ತಿರುಗುತ್ತಾಳೆ. ಮಲಗಿಸಿದ ಮಕ್ಕಳನ್ನು ತಾಯಿ ಎಣಿಸುವ ಹಾಗೆ ನೋಡುತ್ತಾಳೆ. ಹಾಗೆ ನೋಡುವವಳು ಬಾಗಿಲು ತೆರೆದಿಟ್ಟು ಬಂದವಳಲ್ಲ, ಬೀಗ ಹಾಕಿದವಳೇ ಎಂದು ಅವನ ವಾದ. ಅದು ನೋಟವಲ್ಲ, ರೀಲಿನ ಬಾಲ ಅಲುಗುವುದು ಎನ್ನುತ್ತಿದ್ದಳು ಹಿಂಡುವವಳು. ರೀಲನ್ನು ಅಲ್ಲಿ ನಿಲ್ಲಿಸಿ ನೋಡೋಣವೆಂದರೆ, ನಿಲ್ಲಿಸಿದರೆ ದೀಪದ ಬಿಸಿಗೆ ಸುಟ್ಟುಹೋಗುತ್ತದೆ. ರೀಲು ತಿರುಗಿಸುವವನನ್ನು ಒಮ್ಮೆ ಕೇಳಿದ್ದರು. ನಾನು ಮಷಿನ್ನು ನೋಡುತ್ತೇನೆ, ಸಿನಿಮಾ ಇನ್ನೂ ನೋಡಿಲ್ಲ ಎಂದ ಆತ.

ಹೀಗೇ ನಡೆದುಕೊಂಡು ಹೋಗಬಹುದಿತ್ತು. ಆದರೆ ಊರ ಯಜಮಾನನಿಗೆ ಬೇಸರ ಬಂತು. ಅಮಾವಾಸ್ಯೆಯ ಅಡುಗೆ ಪ್ರತಿ ಸಲ ಆರಿಹೋಗುತ್ತಿತ್ತು, ಬೀಗದವರ ಮನೆಗೆ ಬಾಗಿಲವರು ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರು. ಒಂದು ದಿನ ಎಲ್ಲರನ್ನೂ ಗೋದಾಮಿಗೆ ಕರೆಸಿ, ಕೈ ಎತ್ತಿಸಿ ಎಣಿಸಿಬಿಡೋಣ, ಹೆಚ್ಚು ಕೈ ಎತ್ತ ಬರುತ್ತದೋ ಅದೇ ಸಿನಿಮಾದ ಅರ್ಥ ಎಂದ. ಎರಡೂ ಕಡೆಯವರು ಹೆಚ್ಚುಕಡಿಮೆ ಸಮನಾಗಿದ್ದರು. ಸುಮ್ಮನೆಯವರು ಒಬ್ಬರ ಮುಖ ಒಬ್ಬರು ನೋಡಿ, ಯಾವುದಾದರೂ ಒಂದಾಗಲಿ, ಹಡಗು ಹಾರಿದರೆ ಸಾಕು ಎಂದು, ಹತ್ತಿರ ಕೂತಿದ್ದ ಬಾಗಿಲವರ ಜೊತೆ ಕೈ ಎತ್ತಿದರು.

ಬಾಗಿಲವರು ಗೆದ್ದರು. ಇದ್ದಿಲಿನ ತಟ್ಟೆಯನ್ನು ತೆಗೆಸಿದರು. ಬೀಗದವರು ಸಿನಿಮಾ ನೋಡಬಹುದು, ಬೆರಳೆತ್ತುವಂತಿಲ್ಲ ಎಂದಾಯಿತು. ಹಿಂಡುವವಳು ಅವತ್ತು ಬೀದಿಗೆಲ್ಲ ಅವಲಕ್ಕಿ ಬೆಲ್ಲ ಹಂಚಿದಳು. ಸುಳ್ಳೇಕೆ, ಆಕೆಗೆ ನಿಜವಾಗಿಯೂ ಖುಷಿಯಾಗಿತ್ತು. ಮೂವತ್ತು ವರ್ಷ ಹೇಳಿದ್ದು ಸರಿ ಎಂದು ಊರೇ ಒಪ್ಪಿದರೆ ಯಾರಿಗೆ ಆಗುವುದಿಲ್ಲ? ಮನೆಗೆ ಬಂದು ಕಾಲು ತೊಳೆದು ಕೂತ ಮೇಲೆ, ಈ ಗೆಲುವನ್ನು ಎತ್ತಿ ಹೇಳಿ ಮುದುಕನನ್ನು ಕೆಣಕಬೇಕು ಅನ್ನಿಸಿತು. ಕೆಣಕಿದರೆ ಆತ ಏನನ್ನುತ್ತಾನೆ ಎಂದು ಯೋಚಿಸಿದಳು. ಏನೂ ಅನ್ನುವಂತಿಲ್ಲ ಎಂಬುದು ಆಮೇಲೆ ನೆನಪಾಯಿತು.

ಮುಂದಿನ ಅಮಾವಾಸ್ಯೆಗೆ ಬಟ್ಟೆಯ ತುಂಬ ಅರಿಶಿನವೇ. ಕೆರೆಯಲ್ಲಿ ಆ ತುದಿ ಹಿಡಿಯಲು ಊರ ಯಜಮಾನನ ಅಳಿಯ ಬಂದಿದ್ದ. ಉತ್ಸಾಹದ ಮನುಷ್ಯ, ಗೆದ್ದ ಮೇಲೆ ಬಾಗಿಲವನಾದವನು. ಹಿಂಡುವವಳು ತನ್ನ ಬಲಕ್ಕೆ ತಿರುಚಿದಳು. ಅಳಿಯ ಆಕೆಯ ಕೈ ನೋಡಿ, ಅದು ಯಾವ ಕಡೆ ಹೋಯಿತೋ ತನ್ನದನ್ನೂ ಆ ಕಡೆಗೇ ತಿರುಗಿಸಿದ. ಬಟ್ಟೆ ಚಕ್ಕುಲಿಯ ಹಿಟ್ಟಿನಂತೆ ಉರುಳಿತೇ ಹೊರತು ಹುರಿಗಟ್ಟಲಿಲ್ಲ, ಒಂದು ಹನಿ ನೀರೂ ಬೀಳಲಿಲ್ಲ. ಆಕೆ, ಹಾಗಲ್ಲಪ್ಪಾ, ನನಗೆ ಎದುರಾಗಿ ತಿರುಗಿಸು ಎಂದಳು. ಅಳಿಯನಿಗೆ ಸಿಟ್ಟು ಬಂತು. ಎದುರಾಗಿ ತಿರುಗಿಸುವುದು ಬೀಗದವರ ಚಾಳಿ, ನಾವೆಲ್ಲ ಒಂದಾದ ಮೇಲೆ ಕೈಗಳೂ ಒಂದೇ ಕಡೆ ಹೋಗಬೇಕು ಎಂದ. ಮೆಟ್ಟಿಲ ಮೇಲೆ ಕೂತಿದ್ದವರು ಹೌದು ಹೌದು ಎಂದರು. ನೀರು ಉಳಿದರೆ ಉಳಿಯಲಿ, ಒಗ್ಗಟ್ಟು ಮುಖ್ಯ ಎಂದು ಊರ ಯಜಮಾನ ಅಪ್ಪಣೆ ಕೊಟ್ಟ.

ಹಿಂಡದ ಬಟ್ಟೆ ಭಾರ. ಹಗ್ಗದ ಮೇಲೆ ಹಾಕಿದರೆ ಹಗ್ಗ ಹರಿಯಿತು, ಬಂಡೆಯ ಮೇಲೆ ಹರಡಿದರೆ ಮೇಲೆ ಒಣಗಿ ಕೆಳಗೆ ಹಸಿಯಾಗೇ ಉಳಿಯಿತು. ಹಾಗೇ ಮಡಚಿ ಗೋದಾಮಿನಲ್ಲಿಟ್ಟರು. ಎರಡು ಅಮಾವಾಸ್ಯೆ ಹೀಗೇ ಕಳೆಯಿತು. ಮೂರನೆಯದಕ್ಕೆ ಬಟ್ಟೆ ಬಿಗಿದು ದೀಪ ಹಾಕಿದಾಗ ಜನ ಹೌಹಾರಿದರು. ನಕ್ಷತ್ರಗಳ ನಡುವೆ, ಹಡಗಿನ ಮೇಲೆ, ಒಡತಿಯ ಕೆನ್ನೆಯ ಮೇಲೆ ಕಪ್ಪು ಕಪ್ಪು ಚುಕ್ಕಿಗಳು.

ಇದ್ದಿಲು, ಎಂದ ಅಳಿಯ. ಇದ್ದಿಲೇ, ಎಂದಿತು ಊರು. ಆ ಊರಿನವರಿಗೆ ಬಟ್ಟೆಯ ಮೇಲೆ ಕಪ್ಪು ಚುಕ್ಕಿ ಕಂಡರೆ ಬೇರೆ ಯಾವುದೂ ಹೊಳೆಯುವುದು ಸಾಧ್ಯವಿರಲಿಲ್ಲ. ಬೀಗದವರು ಯಾರಿಗೂ ಕಾಣದಂತೆ ಬಂದು ಒತ್ತಿ ಹೋಗಿದ್ದಾರೆ, ಅದೂ ಇಷ್ಟು ನೂರು ಚುಕ್ಕಿ! ಬಟ್ಟೆಯ ಮಡಿಕೆ ಬಲ್ಲವನು, ಎಲ್ಲಿ ಒತ್ತಬೇಕೆಂದು ತಿಳಿದವನು ಅವರಲ್ಲಿ ಒಬ್ಬನೇ. ಊರ ಯಜಮಾನ ಹೆಚ್ಚು ಯೋಚಿಸಲಿಲ್ಲ. ಮುದುಕ ಗಂಟುಮೂಟೆ ಕಟ್ಟಿಕೊಂಡು ನಾಳೆ ಊರು ಬಿಡಬೇಕು ಎಂದ.

ಹಿಂಡುವವಳು ಎದ್ದು ಬಟ್ಟೆಯ ಹತ್ತಿರ ಹೋದಳು. ಬೆರಳಿನಿಂದ ಒಂದು ಚುಕ್ಕಿಯನ್ನು ಉಜ್ಜಿದಳು, ಬೆರಳಿಗೆ ಕಪ್ಪು ಹತ್ತಲಿಲ್ಲ. ಬಟ್ಟೆಯನ್ನು ಮೂಗಿಗೆ ಹಿಡಿದಳು. ಮೂವತ್ತು ವರ್ಷ ಒದ್ದೆ ಬಟ್ಟೆಯ ಜೊತೆ ಬಾಳಿದವಳಿಗೆ ಆ ವಾಸನೆ ಗೊತ್ತು.

"ಇದು ಬೂಷ್ಟ್ರೀ ಯಜಮಾನ್ರ," ಎಂದಳು. "ಆ ಮುದುಕ ಹಚ್ಚಿದ್ದಲ್ಲ. ಹಿಂಡದ ಇಟ್ಟು ನಾವ ಹಚ್ಚೇವಿ."

ಯಾರೂ ನಂಬಲಿಲ್ಲ. ಗೆದ್ದವರ ಬಟ್ಟೆಗೆ ಬೂಷ್ಟು ಹಿಡಿಯುತ್ತದೆಯೇ? ಆಕೆ ಬಿಡಲಿಲ್ಲ. ಈ ಹೊತ್ತು ಒಂದು ಸಲ ಹಳೆಯ ರೀತಿಯಲ್ಲಿ, ಆ ಮುದುಕನನ್ನೇ ಕರೆಸಿ ಹಿಂಡಿಸಿ, ಹೊತ್ತು ಮುಳುಗುವುದರೊಳಗೆ ಬಟ್ಟೆ ಒಣಗುತ್ತದೋ ಇಲ್ಲವೋ ನೋಡಿ, ಒಣಗದಿದ್ದರೆ ಅವನನ್ನೂ ಕಳಿಸಿ, ಅವನ ಹಿಂದೆ ನನ್ನನ್ನೂ ಕಳಿಸಿ ಎಂದಳು. ಊರ ಯಜಮಾನ, ಆಗಲಿ, ಇದೊಂದು ಸಲ ಎಂದ. ಒಡತಿಯ ಕೆನ್ನೆಯ ಮೇಲಿನ ಚುಕ್ಕಿ ಅವನಿಗೂ ಸರಿಬಂದಿರಲಿಲ್ಲ.

ಮುದುಕನ ಮನೆ ಕೆರೆಯ ಆಚೆ ಇತ್ತು. ಆತ ಕಟ್ಟೆಯ ಮೇಲೆ ಕೂತು ಅವರೆಕಾಳು ಬಿಡಿಸುತ್ತಿದ್ದ. ಮೂರು ತಿಂಗಳಲ್ಲಿ ಇಷ್ಟು ಇಳಿದುಹೋಗಿದ್ದಾನಲ್ಲ ಎಂದುಕೊಂಡು ಆಕೆ ಅವನ ಪಕ್ಕ ಕೂತಳು. ಊರು ಬಿಡಬೇಕಾದ ಮಾತನ್ನೂ, ಬೂಷ್ಟಿನ ಮಾತನ್ನೂ, ತಾನು ಒಡ್ಡಿದ ಪಣವನ್ನೂ ಹೇಳಿದಳು. ಆತ ಕಾಳು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಬರುತ್ತೇನೆ ಎಂದ. ಆಮೇಲೆ, ತಾನು ಈ ಮೂರು ತಿಂಗಳು ಕೂತು ಯೋಚಿಸಿದ್ದಾಗಿ ಹೇಳಿದ. ಊರಿಗೆ ಊರೇ ಒಂದು ಕಂಡಾಗ ತನ್ನೊಬ್ಬನ ಕಣ್ಣಿಗೆ ಇನ್ನೊಂದು ಕಂಡರೆ ದೋಷ ಕಣ್ಣಿನದೇ ಇರಬೇಕು ಎಂದ.

"ನೀ ಹೇಳಿದ್ದ ಖರೇ ಇತ್ತು ತಂಗಿ," ಎಂದ. "ಎರಡ ಸಲನ ನೋಡ್ತಾಳ ಆಕಿ."

ಮೂವತ್ತು ವರ್ಷ ಆಕೆ ಈ ಮಾತಿಗಾಗಿ ಕಾದಿದ್ದಳು. ಈಗ ಬಂತು. ಬಂದದ್ದು ಕೇಳಿ ಆಕೆಗೆ ಅಳು ಬಂತು.

ಇಡೀ ಊರು ಕೆರೆಯ ಮೆಟ್ಟಿಲ ಮೇಲೆ ಸೇರಿತ್ತು. ಬಿಸಿಲು ಇನ್ನೂ ಚೆನ್ನಾಗಿತ್ತು. ಚೌಳಿನಲ್ಲಿ ತಿಕ್ಕುವುದಾಯಿತು, ಜಾಲಾಡಿಸುವುದಾಯಿತು. ಹಳೆಯ ಅರಿಶಿನ ಚೌಳಿಗೆ ಕೆಂಪಾಗಿ ನೀರಿನಲ್ಲಿ ಹರಡಿತು. ಈ ತುದಿ ಆಕೆ ಹಿಡಿದಳು, ಆ ತುದಿ ಆತ ಹಿಡಿದ. ಆಕೆ ತನ್ನ ಬಲಕ್ಕೆ ತಿರುಚಿದಳು. ಆತ ತಲೆ ಎತ್ತಿ ಆಕೆಯ ಕೈ ನೋಡಿದ. ಮೂವತ್ತು ವರ್ಷದಲ್ಲಿ ಒಮ್ಮೆಯೂ ನೋಡಿರದವನು, ಈಗ ತಪ್ಪಾದೀತೆಂಬ ಭಯದಿಂದ ನೋಡಿ, ಅದು ಹೋದ ಕಡೆಗೇ ತನ್ನ ಕೈಯನ್ನೂ ತಿರುಗಿಸಿದ. ಬಟ್ಟೆ ಉರುಳಿತು. ನೀರು ಬೀಳಲಿಲ್ಲ.

ಅಳಿಯ ಮೆಟ್ಟಿಲ ಮೇಲಿನಿಂದ, ನಾನು ಹೇಳಲಿಲ್ಲವೇ ಎಂದ. ಹಿಂಡುವವಳು ಇನ್ನೊಮ್ಮೆ ತಿರುಚಿದಳು, ಮತ್ತೊಮ್ಮೆ ತಿರುಚಿದಳು. ಪ್ರತಿ ಸಲ ಆತನ ಕೈ ಆಕೆಯ ಕೈಯ ಹಿಂದೆಯೇ ಬಂತು. ಅಣ್ಣಾ, ನಿನ್ನ ಬಲಕ್ಕೆ ತಿರುಗಿಸು ಎಂದು ಆಕೆ ಹೇಳಿದರೆ, ಆತ ಸಣ್ಣಗೆ ನಕ್ಕು, ಇನ್ನು ನನಗೆಲ್ಲಿಯ ಬಲ ತಂಗಿ, ನಿನ್ನದೇ ನನ್ನದು ಎಂದ. ಹೊತ್ತು ಮರಗಳ ತುದಿಗೆ ಇಳಿಯುತ್ತಿತ್ತು. ಬಟ್ಟೆ ಒಣಗದೆ ಉಳಿದರೆ ಆತ ನಾಳೆ ಈ ದಾರಿಯಲ್ಲೇ ಗಂಟು ಹೊತ್ತು ಹೋಗುತ್ತಾನೆ. ಹೋಗುವಾಗಲೂ ಊರು ಹೇಳಿದ್ದೇ ಸರಿ ಎಂದುಕೊಂಡೇ ಹೋಗುತ್ತಾನೆ.

ಆಗ ಆಕೆಗೆ ಬೇರೆ ದಾರಿ ಕಾಣಲಿಲ್ಲ. ಆತ ಹೇಳಬೇಕಾದದ್ದನ್ನು ತಾನೇ ಹೇಳತೊಡಗಿದಳು.

"ಹತ್ತ ಸಾವಿರ ಮಂದಿ ಚುಕ್ಕಾಣಿ ಹಿಡದ್ರ ಹಡಗು ಎತ್ತ ಹೋಗಬೇಕಣ್ಣಾ?"

ಮೆಟ್ಟಿಲ ಮೇಲೆ ಗುಸುಗುಸು ಎದ್ದಿತು. ಆಕೆ ಮುಂದುವರಿಸಿದಳು. ಕಾಳಿನ ಕೋಣೆಯ ಕೀಲಿಕೈಯನ್ನು ಮನೆಯಾಕೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಮಕ್ಕಳನ್ನು ಉಪವಾಸ ಕೆಡಹಲಿಕ್ಕೋ, ಮಳೆಗಾಲದವರೆಗೆ ಕಾಳು ಉಳಿಸಲಿಕ್ಕೋ ಎಂದು ಕೇಳಿದಳು. ಕತ್ತಲಲ್ಲಿ ಎದ್ದವನು ಮೊದಲು ಮಾಡುವುದು ಎಡವುವುದೇ ಎಂದಳು. ಆತ ಮೂವತ್ತು ವರ್ಷ ಆಕೆಯ ಮೇಲೆ ಎಸೆದ ಮಾತುಗಳೆಲ್ಲ ಒಂದೂ ಕಳೆಯದೆ ಆಕೆಯ ಬಳಿ ಇದ್ದವು. ತನ್ನ ಮಾತುಗಳು ಕೂಡ ಅಷ್ಟು ಚೆನ್ನಾಗಿ ಬಾಯಿಗೆ ಬರುತ್ತಿರಲಿಲ್ಲ. ಹೇಳುತ್ತ ಹೇಳುತ್ತ, ಇವುಗಳಲ್ಲಿ ಒಂದೆರಡು ಎಷ್ಟು ಗಟ್ಟಿಯಾಗಿವೆ ಎಂಬುದು ಮೊದಲ ಸಲ ಹೊಳೆದು ಆಕೆಗೆ ಹೆದರಿಕೆಯೂ ಆಯಿತು. ಮುದುಕನ ಕಣ್ಣು ಈಗ ಆಕೆಯ ಕೈಯ ಮೇಲಿರಲಿಲ್ಲ, ಬಾಯಿಯ ಮೇಲಿತ್ತು. ಕೈ ಮಾತ್ರ ಇನ್ನೂ ಆಕೆಯ ಕೈಯ ಜೊತೆಯೇ ಉರುಳುತ್ತಿತ್ತು.

"ಅದಕ್ಕ ಆಕಿ ತಿರುಗಿ ನೋಡ್ತಾಳ," ಎಂದಳು. "ಮಲಗಿಸಿದ ಮಕ್ಕಳನ್ನ ತಾಯಿ ಎಣಿಸಿಧಂಗ ನೋಡ್ತಾಳ. ಒಂದ ಸಲ ಮಲಗಿದವರನ್ನ. ಒಂದ ಸಲ ಬಾಗಲಾನ."

ಅಲ್ಲಿಗೆ ಬಂದು ಆಕೆ ತಡವರಿಸಿದಳು. ಮೂರು ಎನ್ನಬೇಕಿತ್ತು. ಆತನ ಮಾತನ್ನು ಆತನ ಹಾಗೆ ಮುಗಿಸಬೇಕಾದರೆ ಮೂರು ಎನ್ನಲೇಬೇಕಿತ್ತು. ನಾಲಗೆಯವರೆಗೆ ಬಂದಿತ್ತು ಕೂಡ. ಆದರೆ ಆಕೆಯ ಕಣ್ಣಿಗೆ ಒಡತಿ ಮೂರನೆಯ ಸಲ ತಿರುಗಿದ್ದು ಒಮ್ಮೆಯೂ ಕಂಡಿರಲಿಲ್ಲ, ಕಾಣದ್ದನ್ನು ಹೇಳಲು ನಾಲಗೆ ಹೊರಳಲಿಲ್ಲ.

"ಎರಡ ಸಲ," ಎಂದಳು. "ಎರಡ ಸಲ ನೋಡಿ ಮುಗಿಸ್ತಾಳ."

ಮುದುಕನ ಹುಬ್ಬು ಗಂಟಿಕ್ಕಿತು. ಸೋತದ್ದನ್ನು ಆತ ಸಹಿಸಿದ್ದ, ತಟ್ಟೆ ತೆಗೆದದ್ದನ್ನು ಸಹಿಸಿದ್ದ, ಊರು ಬಿಡು ಎಂದದ್ದನ್ನೂ ಅವರೆಕಾಳು ಬಿಡಿಸುತ್ತ ಸಹಿಸಿದ್ದ. ಆದರೆ ಅಷ್ಟು ಚಂದವಾಗಿ ಕಟ್ಟಿಕೊಂಡು ಬಂದ ತನ್ನ ಮಾತನ್ನು ಕೊನೆಗಳಿಗೆಯಲ್ಲಿ ಒಬ್ಬರು ಹೀಗೆ ಕೆಡಿಸುವುದೆಂದರೇನು? ಎರಡೇ ಸಲ ನೋಡಿದರೆ ಎಣಿಸಿದ ಹಾಗಾಗುವುದು ಎಲ್ಲಿಂದ? ಕೀಲಿಕೈ ಹೋದ ಮೇಲೆ ನೋಡದಿದ್ದರೆ ಆಕೆ ತಾಯಿ ಹೇಗಾದಾಳು?

"ಮೂರು," ಎಂದ.

ಎಂದವನ ಕೈ ತಾನಾಗಿ ತನ್ನ ಬಲಕ್ಕೆ ತಿರುಗಿತು. ಬಟ್ಟೆ ನಡುವೆ ಬಿಗಿಯಿತು, ಹುರಿಗಟ್ಟಿತು, ಮೂರು ತಿಂಗಳ ನೀರು ದಬದಬನೆ ಮೆಟ್ಟಿಲ ಮೇಲೆ ಸುರಿಯಿತು. ಸುಮ್ಮನೆಯವರು ಪಂಚೆ ಎತ್ತಿಕೊಂಡು ಮೇಲಿನ ಮೆಟ್ಟಿಲಿಗೆ ಹೋದರು. ಅಳಿಯ ಮಾವನ ಬೆನ್ನ ಹಿಂದೆ ಸರಿದ. ಊರ ಯಜಮಾನ ಚಪ್ಪಲಿಯವರೆಗೆ ಬಂದ ನೀರನ್ನು ನೋಡುತ್ತ, ಪಕ್ಕದವನನ್ನು ಕರೆದು, ಆ ಇದ್ದಿಲಿನ ತಟ್ಟೆ ಎಲ್ಲಿಟ್ಟಿದ್ದೀರಿ, ತೊಳೆದಿಡಿ ಎಂದು ಮೆಲ್ಲಗೆ ಹೇಳಿದ.

"ಎರಡು," ಎಂದಳು ಹಿಂಡುವವಳು, ಕಣ್ಣು ಒರೆಸಿಕೊಳ್ಳಲು ಕೈ ಬಿಡುವಿಲ್ಲದೆ.

"ಮೂರು," ಎಂದು ಆತ ಇನ್ನೊಂದು ಸುತ್ತು ತಿರುಚಿದ.